ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಸೈನ್ಸ್ ಶುರು ಮಾಡುವುದು ಹೇಗೆ? ಹೈಸ್ಕೂಲ್ ಮಕ್ಕಳಿಗೆ ಎಂಟು ಹೆಜ್ಜೆ

ಕುಷ್ಟಗಿ, ಮಾನ್ವಿ, ಸಿರುಗುಪ್ಪ, ಗಂಗಾವತಿ, ಎಲ್ಲಿಂದ ಕೇಳಿದರೂ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೋಬೇಕು ಅಂತಿದ್ದೀನಿ, ಈಗಿನಿಂದಲೇ ಏನು ಓದಲಿ? ಮನೆಯಲ್ಲಿ ಕಂಪ್ಯೂಟರ್ ಇಲ್ಲ." ಕೊಪ್ಪಳ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇನ್ನೂ ಸರಿಯಾಗಿ ಹೇಳಿದ: "ನಮ್ಮ ಸಾಲ್ಯಾಗ ಕಂಪ್ಯೂಟರ್ ಅದಾವ್ರಿ ಸರ್, ಆದ್ರ ಖೋಲಿಗೆ ಕೀಲಿ ಹಾಕ್ಯಾರ."

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ಮಾತು. ಮೊದಲ ಎರಡು ತಿಂಗಳು ನಿಮಗೆ ಕಂಪ್ಯೂಟರ್ ಬೇಕಾಗಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. 1936ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಈ ವಿದ್ಯೆಗೆ ಬುನಾದಿ ಹಾಕಿದಾಗ ಈಗಿನಂಥ ಕಂಪ್ಯೂಟರ್ ಇರಲೇ ಇಲ್ಲ. ಆಗ ಇಂಗ್ಲಿಷಿನಲ್ಲಿ ಕಂಪ್ಯೂಟರ್ ಅಂದರೆ ಕೂತು ಲೆಕ್ಕ ಮಾಡುವ ಮನುಷ್ಯ. ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಮಾಡುವವನು ಏನೇನು ಮಾಡುತ್ತಾನೆ ಎಂದು ಯೋಚಿಸುತ್ತಾ ಹೋಗಿಯೇ ಟ್ಯೂರಿಂಗ್ ತನ್ನ ಯಂತ್ರವನ್ನು ಕಲ್ಪಿಸಿಕೊಂಡದ್ದು. ನೀವೂ ಅಲ್ಲಿಂದಲೇ ಶುರು ಮಾಡಿ.

ಎರಡನೇ ಮಾತು, ಇದನ್ನು ನಿಮ್ಮ ಅಪ್ಪ ಅಮ್ಮನಿಗೂ ಓದಿ ಹೇಳಿ. ವರ್ಡ್, ಎಕ್ಸೆಲ್, ಟ್ಯಾಲಿ, ಟೈಪಿಂಗ್ ಇವೆಲ್ಲ ಉಪಯೋಗದ ಕೆಲಸಗಳೇ, ಕಲಿತರೆ ಒಳ್ಳೆಯದು. ಆದರೆ ಅವು ಕಂಪ್ಯೂಟರ್ ಸೈನ್ಸ್ ಅಲ್ಲ. ಟ್ರ್ಯಾಕ್ಟರ್ ಓಡಿಸುವುದೇ ಬೇರೆ, ಅದರ ಇಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವುದೇ ಬೇರೆ, ಅಲ್ವಾ? ಮೂರು ತಿಂಗಳ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿ ನೋಡಿ.

ಬೇಕಾದ ಸಾಮಾನು

ಗೆರೆ ಇರುವ ನೂರು ಪುಟದ ಒಂದು ನೋಟ್‌ಬುಕ್. ಪೆನ್ಸಿಲ್, ರಬ್ಬರ್. ಹಳೆ ಕ್ಯಾಲೆಂಡರ್ ಕತ್ತರಿಸಿ ಮಾಡಿದ 16 ಚೀಟಿ. ಒಬ್ಬ ಜೊತೆಗಾರ, ತಂಗಿ ತಮ್ಮ ಯಾರಾದರೂ ಆದೀತು. ದಿನಕ್ಕೆ ಅರ್ಧ ಗಂಟೆ. ಒಂದು ಹೆಜ್ಜೆಗೆ ಒಂದು ವಾರ ಇಟ್ಟುಕೊಳ್ಳಿ, ಪರೀಕ್ಷೆ ಇದ್ದರೆ ಎರಡು ವಾರ.

ನೋಟ್‌ಬುಕ್ಕಿನ ಕೊನೆಯ ಹತ್ತು ಪುಟವನ್ನು ಪದಗಳಿಗೆ ಬಿಡಿ. ಎಡಗಡೆ ಇಂಗ್ಲಿಷ್ ಪದ ಅದರ ಸ್ಪೆಲಿಂಗ್ ಸಮೇತ, ಬಲಗಡೆ ಅದರ ಅರ್ಥ ನಿಮ್ಮದೇ ಕನ್ನಡದಲ್ಲಿ. ಪಿಯುಸಿಯಲ್ಲಿ ಈ ಪದಗಳು ಇಂಗ್ಲಿಷಿನಲ್ಲೇ ಬರುತ್ತವೆ, ಆಗ ಈ ಹತ್ತು ಪುಟ ಬಹಳ ಕೆಲಸಕ್ಕೆ ಬರುತ್ತದೆ.

1. ಹೆಜ್ಜೆ ಹೆಜ್ಜೆಯಾಗಿ ಹೇಳುವುದು

ಅಲ್ಗಾರಿದಂ ಎಂಬ ಪದ ಕೇಳಿರುತ್ತೀರಿ. ಒಂದು ಕೆಲಸ ಶುರುವಿನಿಂದ ಮುಗಿಯುವವರೆಗೆ ಯಾವ ಹೆಜ್ಜೆ ಆದ ಮೇಲೆ ಯಾವ ಹೆಜ್ಜೆ ಎಂದು ಅನುಮಾನಕ್ಕೆ ಜಾಗ ಇಲ್ಲದಂತೆ ಬರೆದ ಪಟ್ಟಿ, ಅಷ್ಟೇ. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್‌ಖ್ವಾರಿಜ್ಮಿಯ ಹೆಸರಿನಿಂದ ಆ ಪದ ಬಂತು.

ಅಭ್ಯಾಸಕ್ಕೆ ರಂಗೋಲಿ ತಗೊಳ್ಳಿ. ನೀವೂ ಜೊತೆಗಾರರೂ ಬೆನ್ನಿಗೆ ಬೆನ್ನು ಹಚ್ಚಿ ಕೂರಿ. ನೀವು ಬಾಯಲ್ಲಿ ಹೇಳಬೇಕು, ಅವರು ಹೇಳಿದ್ದನ್ನಷ್ಟೇ ಕಾಗದದ ಮೇಲೆ ಮಾಡಬೇಕು. ತಮ್ಮ ಬುದ್ಧಿ ಓಡಿಸಬಾರದು, "ಹೀಗಾ?" ಎಂದು ಕೇಳಬಾರದು.

"ಒಂದು ಸಾಲಿನಲ್ಲಿ 7 ಚುಕ್ಕಿ ಇಡು. ಅದರ ಮೇಲೆ 6 ಚುಕ್ಕಿ ಇಡು." ಇಷ್ಟು ಹೇಳಿ ತಿರುಗಿ ನೋಡಿ. ನಾನು ಮಾಡಿಸಿದಾಗ ಒಬ್ಬ ಹುಡುಗಿ ಏಳು ಚುಕ್ಕಿಯ ಮೇಲೆಯೇ, ಅಂದರೆ ಅದೇ ಚುಕ್ಕಿಗಳ ಮೇಲೆ, ಮತ್ತೆ ಆರು ಚುಕ್ಕಿ ತಿದ್ದಿದ್ದಳು. ಅವಳದು ತಪ್ಪಲ್ಲ. "ಮೇಲೆ" ಅನ್ನುವ ಮಾತಿಗೆ ಎರಡು ಅರ್ಥ ಇದೆ, ಹೇಳಿದವರು ಯಾವುದು ಎಂದು ಹೇಳಲಿಲ್ಲ. ಕಂಪ್ಯೂಟರ್ ಕೂಡ ಹೀಗೇ ಮಾಡುತ್ತದೆ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಮನೆಯಲ್ಲಿ ರಂಗೋಲಿ ಹಾಕುವವರು ಹೇಗೆ ಹೇಳುತ್ತಾರೆ ಗಮನಿಸಿ: "7 ಚುಕ್ಕಿಯಿಂದ 4ರವರೆಗೆ, ಸಂದು ಚುಕ್ಕಿ." ನಡುವೆ 7, ಆಮೇಲೆ ಎರಡೂ ಕಡೆ ಸಾಲಿಗೆ ಒಂದೊಂದು ಕಡಿಮೆ ಮಾಡುತ್ತಾ 4 ಬರುವವರೆಗೆ, ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಯ ಸಂದಿನಲ್ಲಿ ಬರಬೇಕು. 4, 5, 6, 7, 6, 5, 4. ಒಟ್ಟು 37 ಚುಕ್ಕಿ. ಒಂದೇ ಸಾಲಿನ ಮಾತಿನಲ್ಲಿ 37 ಚುಕ್ಕಿಯ ಜಾಗ ನಿಗದಿ ಆಯಿತು. ಒಂದೇ ಕೆಲಸವನ್ನು ಇಷ್ಟು ಸಲ, ಇಂಥದ್ದು ಬರುವವರೆಗೆ ಮಾಡು ಎಂದು ಹೇಳುವುದಕ್ಕೆ ಲೂಪ್ ಅನ್ನುತ್ತಾರೆ. ನಿಮ್ಮ ಅಜ್ಜಿಗೆ ಆ ಪದ ಗೊತ್ತಿಲ್ಲದಿರಬಹುದು, ಲೂಪ್ ಚೆನ್ನಾಗಿಯೇ ಗೊತ್ತು.

ಎಚ್ಚರ: ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದನ್ನು ಎಲ್ಲರೂ ಮರೆಯುತ್ತಾರೆ. "4ರವರೆಗೆ" ಎಂಬ ಮಾತು ಬಿಟ್ಟು ಹೋದರೆ ಚುಕ್ಕಿ 3, 2, 1 ಎಂದು ಇಳಿಯುತ್ತಾ ಹೋಗುತ್ತದೆ, ಸೊನ್ನೆ ಆದ ಮೇಲೆ ಏನು ಮಾಡಬೇಕೋ ಗೊತ್ತಿಲ್ಲ. ಪ್ರತಿ ಪಟ್ಟಿಯ ಕೊನೆಯಲ್ಲಿ "ಯಾವಾಗ ಮುಗಿಯಿತು?" ಎಂದು ನಿಮ್ಮನ್ನೇ ಕೇಳಿಕೊಳ್ಳಿ.

2. ಬೈನರಿ, ಅದೂ ಕನ್ನಡ ಪೀರಿಯಡ್ಡಿನಿಂದ

ಬೈನರಿ ಅಂದರೆ ಬರೀ 0 ಮತ್ತು 1 ಬಳಸಿ ಬರೆಯುವ ಸಂಖ್ಯೆ. ಕಂಪ್ಯೂಟರಿನೊಳಗೆ ವಿದ್ಯುತ್ತಿನ ಎರಡು ಸ್ಥಿತಿಗಳನ್ನು ಬೇರೆ ಮಾಡಿ ಗುರುತಿಸುವುದು ಸುಲಭ, ಹತ್ತು ಸ್ಥಿತಿಗಳನ್ನು ಗುರುತಿಸುವುದು ಕಷ್ಟ. ಅದಕ್ಕೇ ಎರಡೇ ಚಿಹ್ನೆ. ಒಂದು 0 ಅಥವಾ ಒಂದು 1ಕ್ಕೆ ಬಿಟ್ ಅನ್ನುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್.

ಇದನ್ನು ಕಷ್ಟ ಅಂದುಕೊಳ್ಳಬೇಡಿ, ನೀವು ಈಗಾಗಲೇ ಕಲಿತಿದ್ದೀರಿ. ಕನ್ನಡ ವ್ಯಾಕರಣದಲ್ಲಿ ಪ್ರಸ್ತಾರ ಹಾಕುತ್ತೀರಲ್ಲ, ಲಘು ಮತ್ತು ಗುರು, ಎರಡೇ ಚಿಹ್ನೆ. ಲಘುವಿಗೆ 0, ಗುರುವಿಗೆ 1 ಎಂದು ಇಟ್ಟುಕೊಳ್ಳಿ. ಮೂರಕ್ಷರದ ಗಣಗಳನ್ನು ಬರೆಯೋಣ.

ನಗಣ: ಲಘು ಲಘು ಲಘು, 000, ಬೆಲೆ 0
ಸಗಣ: ಲಘು ಲಘು ಗುರು, 001, ಬೆಲೆ 1
ಜಗಣ: ಲಘು ಗುರು ಲಘು, 010, ಬೆಲೆ 2
ಯಗಣ: ಲಘು ಗುರು ಗುರು, 011, ಬೆಲೆ 3
ಭಗಣ: ಗುರು ಲಘು ಲಘು, 100, ಬೆಲೆ 4
ರಗಣ: ಗುರು ಲಘು ಗುರು, 101, ಬೆಲೆ 5
ತಗಣ: ಗುರು ಗುರು ಲಘು, 110, ಬೆಲೆ 6
ಮಗಣ: ಗುರು ಗುರು ಗುರು, 111, ಬೆಲೆ 7

ಬೆಲೆ ಹೇಗೆ ಬಂತು? ಬಲಗಡೆಯ ಜಾಗಕ್ಕೆ 1, ಅದರ ಎಡಕ್ಕೆ 2, ಅದರ ಎಡಕ್ಕೆ 4. ಎಲ್ಲಿ ಗುರು ಇದೆಯೋ ಆ ಜಾಗದ ಬೆಲೆ ಕೂಡಿಸಿ. ರಗಣದಲ್ಲಿ ಮೊದಲು ಮತ್ತು ಕೊನೆಯಲ್ಲಿ ಗುರು, 4 ಮತ್ತು 1, ಒಟ್ಟು 5. ಅಕ್ಷರಗಣ ಎಂಟೇ ಏಕೆ, ಒಂಬತ್ತು ಏಕಿಲ್ಲ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಮೂರು ಜಾಗ, ಒಂದೊಂದರಲ್ಲಿ ಎರಡು ಆಯ್ಕೆ, 2 × 2 × 2 = 8. ಎಂಟು ಬಿಟ್ಟಿನ ಬೈಟ್ ಆದರೆ ಎರಡನ್ನು ಎಂಟು ಸಲ ಗುಣಿಸಿ, 256 ಬರುತ್ತದೆ.

ಇನ್ನೊಂದು ಚೆಂದದ ವಿಷಯ, ಬಿಡುವುದಕ್ಕೆ ಮನಸ್ಸಿಲ್ಲ. "ಯಮಾತಾರಾಜಭಾನಸಲಗಂ" ಎಂದು ಕಂಠಪಾಠ ಮಾಡಿಸುತ್ತಾರಲ್ಲ, ಅದಕ್ಕೆ ಪ್ರಸ್ತಾರ ಹಾಕಿ: 0111010001. ಈಗ ಯಾವ ಅಕ್ಷರದಿಂದಲಾದರೂ ಮೂರು ಮೂರು ಎಣಿಸಿ. ಯಮಾತಾ 011, ಅದು ಯಗಣ. ಮಾತಾರಾ 111, ಮಗಣ. ತಾರಾಜ 110, ತಗಣ. ಹೀಗೆ ಸಲಗಂವರೆಗೆ ಹೋಗಿ. ಎಂಟೂ ಗಣ ಬರುತ್ತವೆ, ಒಂದೂ ಎರಡನೇ ಸಲ ಬರುವುದಿಲ್ಲ. ಎಂಟು ಗಣವನ್ನು ಬಿಡಿಬಿಡಿಯಾಗಿ ಬರೆದರೆ 24 ಚಿಹ್ನೆ ಬೇಕು, ಇಲ್ಲಿ 10ರಲ್ಲಿ ಮುಗಿದಿದೆ. ಇಂಥ ಸಾಲುಗಳನ್ನು ಕಂಪ್ಯೂಟರ್ ಸೈನ್ಸಿನಲ್ಲಿ ಇವತ್ತಿಗೂ ಓದುತ್ತಾರೆ.

ಪ್ರಾಚೀನ ಭಾರತದ ಛಂದಸ್ಸಿನ ಪಂಡಿತ ಪಿಂಗಳನ ಛಂದಃಶಾಸ್ತ್ರದಲ್ಲೇ ಕಂಪ್ಯೂಟರ್ ಇತ್ತು ಎಂದು ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ಎರಡು ಚಿಹ್ನೆಯಿಂದ ಎಷ್ಟು ಬಗೆಯ ಸಾಲು ಆಗುತ್ತವೆ, ಅವನ್ನು ಒಂದೂ ಬಿಡದಂತೆ ಹೇಗೆ ಬರೆಯಬೇಕು ಎಂಬ ಲೆಕ್ಕ ಅಲ್ಲಿದೆ. ಅದೇ ದೊಡ್ಡದು, ಅದಕ್ಕೆ ಇನ್ನೇನೂ ಸೇರಿಸಬೇಕಾಗಿಲ್ಲ. ಬೈನರಿಯಲ್ಲಿ ಕೂಡುವುದು ಕಳೆಯುವುದನ್ನು ಯುರೋಪಿನಲ್ಲಿ ಗಣಿತಜ್ಞ ಲೈಬ್‌ನಿಟ್ಸ್ ಪ್ರಕಟಿಸಿದ್ದು 1703ರಲ್ಲಿ.

ಎಚ್ಚರ ಎರಡು. ಬೈನರಿಯ 10ನ್ನು ಹತ್ತು ಎಂದು ಓದಬೇಡಿ, "ಒಂದು ಸೊನ್ನೆ" ಎಂದು ಓದಿ, ಅದರ ಬೆಲೆ ಎರಡು. ಮತ್ತೆ, ಮೂರು ಬಿಟ್ಟಿನಲ್ಲಿ ಎಂಟು ಸಂಖ್ಯೆ ಇವೆ ಅಂದರೆ ದೊಡ್ಡ ಸಂಖ್ಯೆ 8 ಅಲ್ಲ, 7. ಎಣಿಕೆ ಸೊನ್ನೆಯಿಂದ ಶುರು. ಬೈಟಿನ ದೊಡ್ಡ ಸಂಖ್ಯೆ 255. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುವ ಜಾಗ ಇದು.

3. ಅಕ್ಷರವೂ ಸಂಖ್ಯೆಯೇ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಟ್ಟಿದ್ದಾರೆ. ಲೋಕದ ಭಾಷೆಗಳಿಗೆಲ್ಲ ಒಂದೇ ಕಡೆ ನಂಬರ್ ಕೊಡುವ ಪಟ್ಟಿಯ ಹೆಸರು ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ 128 ಜಾಗ, 3200ರಿಂದ 3327ರವರೆಗೆ. ಅ 3205, ಆ 3206, ಕ 3221, ಖ 3222.

"ಕೊಪ್ಪಳ" ಎಂದು ಬರೆಯಿರಿ. ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಆರು: ಕ, ಒತ್ವ, ಪ, ಅರ್ಧಾಕ್ಷರದ ಚಿಹ್ನೆ, ಮತ್ತೆ ಪ, ಳ. ನಂಬರಿನಲ್ಲಿ 3221, 3274, 3242, 3277, 3242, 3251. ಪಕಾರಕ್ಕೆ ಪ ಒತ್ತು ಅಂದರೆ ಕಂಪ್ಯೂಟರಿಗೆ ಪ, ಅರ್ಧ ಮಾಡು, ಪ. ಫೈಲಿನಲ್ಲಿ ಉಳಿಸುವಾಗ ಸಾಮಾನ್ಯವಾಗಿ ಯುಟಿಎಫ್-8 ಎಂಬ ವಿಧಾನ ಬಳಸುತ್ತಾರೆ, ಅದರಲ್ಲಿ ಇಂಥ ಒಂದೊಂದಕ್ಕೂ 3 ಬೈಟ್. ಹಾಗಾಗಿ ಕೊಪ್ಪಳಕ್ಕೆ 18 ಬೈಟ್. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಆರು ಅಕ್ಷರಕ್ಕೆ 6 ಬೈಟ್. ಬಳ್ಳಾರಿ, ರಾಯಚೂರು ಎರಡನ್ನೂ ನೀವೇ ಬಿಡಿಸಿ ನೋಡಿ. ಎರಡಕ್ಕೂ 21 ಬೈಟ್ ಬಂದರೆ ನಿಮ್ಮದು ಸರಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ ಬರುವುದನ್ನು ನೋಡಿರಬಹುದು. ಫೈಲ್ ಕೆಟ್ಟಿಲ್ಲ. ಆ ಫಾಂಟು ಇಂಗ್ಲಿಷ್ ಅಕ್ಷರದ ನಂಬರುಗಳ ಮೇಲೆ ಕನ್ನಡದ ಚಿತ್ರ ಕೂರಿಸಿತ್ತು. ಫಾಂಟ್ ಇಲ್ಲದ ಕಡೆ ನಂಬರ್ ಮಾತ್ರ ಉಳಿಯಿತು.

4. ಮತ್ತು, ಅಥವಾ, ಅಲ್ಲ

ಕಂಪ್ಯೂಟರ್ ಯಾವ ನಿರ್ಧಾರ ಮಾಡುವುದಾದರೂ ಈ ಮೂರು ಮಾತಿನ ಮೇಲೆ ಮಾಡುತ್ತದೆ. ಸರಿ, ತಪ್ಪು ಎರಡೇ ಉತ್ತರ. ಇದಕ್ಕೆ ಬೂಲಿಯನ್ ಅನ್ನುತ್ತಾರೆ, 19ನೇ ಶತಮಾನದ ಜಾರ್ಜ್ ಬೂಲ್ ಎಂಬ ಗಣಿತಜ್ಞನ ಹೆಸರಿನಿಂದ.

ನಿಮಗೆಲ್ಲ ಗೊತ್ತಿರುವ ಉದಾಹರಣೆ ತಗೊಳ್ಳೋಣ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡಬೇಕಾ ಬೇಡ್ವಾ ಎಂಬ ನಿಯಮವನ್ನು ಕಂಪ್ಯೂಟರಿಗೆ ಹೇಳುವಂತೆ ಬರೆದರೆ:

(ಮಹಿಳೆ ಅಥವಾ ತೃತೀಯ ಲಿಂಗಿ) ಮತ್ತು ಕರ್ನಾಟಕದ ನಿವಾಸಿ ಮತ್ತು ಪ್ರಯಾಣ ರಾಜ್ಯದೊಳಗೆ ಮತ್ತು ಐಷಾರಾಮಿ ಬಸ್ ಅಲ್ಲ

"ಮತ್ತು" ಇದ್ದರೆ ಎರಡೂ ಕಡೆ ಸರಿ ಇರಬೇಕು. "ಅಥವಾ" ಇದ್ದರೆ ಒಂದಾದರೂ ಸಾಕು. "ಅಲ್ಲ" ಸರಿಯನ್ನು ತಪ್ಪು ಮಾಡುತ್ತದೆ, ತಪ್ಪನ್ನು ಸರಿ.

ಈಗ ಆ ಕಂಸವನ್ನು ಅಳಿಸಿ. ಕಂಪ್ಯೂಟರ್ "ಅಥವಾ"ಗಿಂತ ಮೊದಲು "ಮತ್ತು" ಬಿಡಿಸುತ್ತದೆ, ಗಣಿತದಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸುವ ಹಾಗೆ. ಹಾಗಾಗಿ ನಿಯಮ ಹೀಗಾಗುತ್ತದೆ: ಮಹಿಳೆ ಆಗಿದ್ದರೆ ಅಷ್ಟೇ ಸಾಕು, ಉಳಿದ ಷರತ್ತೆಲ್ಲ ತೃತೀಯ ಲಿಂಗಿಗಳಿಗೆ ಮಾತ್ರ. ರಾಯಚೂರಿನಿಂದ ಆಂಧ್ರದ ಮಂತ್ರಾಲಯಕ್ಕೆ ಹೋಗುವ ಐಷಾರಾಮಿ ಬಸ್ಸಿನಲ್ಲೂ ಮಹಿಳೆಯರಿಗೆ ಟಿಕೆಟ್ ಶೂನ್ಯ! ಎರಡು ಕಂಸ ಬಿಟ್ಟದ್ದಕ್ಕೆ ಇಷ್ಟೆಲ್ಲ. "ಮತ್ತು", "ಅಥವಾ" ಒಂದೇ ಸಾಲಿನಲ್ಲಿ ಬಂದರೆ ಕಂಸ ಹಾಕಿಯೇ ಬರೆಯುವ ರೂಢಿ ಮಾಡಿಕೊಳ್ಳಿ.

ಎಚ್ಚರ: ನಾವು ಮಾತಿನಲ್ಲಿ "ಚಹಾ ಅಥವಾ ಕಾಫಿ" ಅಂದರೆ ಒಂದೇ ಎಂದು ಅರ್ಥ. ಇಲ್ಲಿ ಹಾಗಲ್ಲ. ಎರಡೂ ಸರಿ ಇದ್ದರೂ "ಅಥವಾ" ಸರಿಯೇ.

5. ಡಬ್ಬಿ, ಸುತ್ತು, ಮತ್ತೆ ಕೈಯಲ್ಲಿ ಓಡಿಸಿ ನೋಡುವುದು

ಈ ಎಂಟರಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ವೇರಿಯಬಲ್ ಅಂದರೆ ಹೆಸರು ಬರೆದ ಡಬ್ಬಿ. ಒಳಗೆ ಒಂದು ಸಲಕ್ಕೆ ಒಂದೇ ಬೆಲೆ ಇರುತ್ತದೆ. ಹೊಸದು ಹಾಕಿದರೆ ಹಳೆಯದು ಹೋಯಿತು, ಮತ್ತೆ ಸಿಗುವುದಿಲ್ಲ. ಗಣಿತದಲ್ಲಿ "ಕ = ಕ + 1" ಎಂದು ಬರೆದರೆ ಮೇಷ್ಟ್ರು ಹೊಡೆದು ಹಾಕುತ್ತಾರೆ. ಪ್ರೋಗ್ರಾಮಿನಲ್ಲಿ, ಅಂದರೆ ಕಂಪ್ಯೂಟರಿಗಾಗಿ ಬರೆದ ಹೆಜ್ಜೆಗಳ ಪಟ್ಟಿಯಲ್ಲಿ, ಅದರ ಅರ್ಥವೇ ಬೇರೆ: ಕ ಡಬ್ಬಿಯಲ್ಲಿ ಇರುವುದಕ್ಕೆ ಒಂದು ಕೂಡಿಸಿ ಅದೇ ಡಬ್ಬಿಗೆ ಹಾಕು. ಗೊಂದಲ ಆಗದಿರಲಿ ಎಂದು ನೋಟ್‌ಬುಕ್ಕಿನಲ್ಲಿ ಸಮ ಚಿಹ್ನೆಯ ಬದಲು ಎಡಕ್ಕೆ ಬಾಣ ಹಾಕಿ.

ಲೆಕ್ಕ ಇದು. ರಾಯಚೂರಿನ ಮೇ ತಿಂಗಳ ಐದು ದಿನದ ಬಿಸಿಲು 41, 43, 40, 44, 42 ಡಿಗ್ರಿ ಎಂದು ಇಟ್ಟುಕೊಳ್ಳಿ, ಸುಮ್ನೆ ಉದಾಹರಣೆಗೆ. ಎಲ್ಲಕ್ಕಿಂತ ಜಾಸ್ತಿ ಯಾವುದು? ನಿಮ್ಮ ಕಣ್ಣು ಒಂದೇ ನೋಟಕ್ಕೆ 44 ಅನ್ನುತ್ತದೆ. ಕಂಪ್ಯೂಟರ್ ಒಂದು ಸಲಕ್ಕೆ ಎರಡನ್ನು ಮಾತ್ರ ಹೋಲಿಸುತ್ತದೆ ಅಂದುಕೊಳ್ಳಿ. ಆಗ:

ದೊಡ್ಡದು ← ಮೊದಲ ದಿನದ ಬಿಸಿಲು
ಉಳಿದ ಪ್ರತಿ ದಿನಕ್ಕೂ ಹೀಗೆ ಮಾಡು:
ಆ ದಿನದ ಬಿಸಿಲು ದೊಡ್ಡದಕ್ಕಿಂತ ಜಾಸ್ತಿ ಇದ್ದರೆ, ದೊಡ್ಡದು ← ಆ ದಿನದ ಬಿಸಿಲು
ಎಲ್ಲಾ ದಿನ ಮುಗಿದ ಮೇಲೆ ದೊಡ್ಡದನ್ನು ಹೇಳು

ಇದನ್ನು ಓದಿ "ಅರ್ಥ ಆಯ್ತು" ಎಂದು ಮುಂದೆ ಹೋಗಬೇಡಿ. ಪುಟದಲ್ಲಿ ಎರಡು ಕಾಲಂ ಹಾಕಿ, ಒಂದಕ್ಕೆ "ದಿನದ ಬಿಸಿಲು", ಇನ್ನೊಂದಕ್ಕೆ "ದೊಡ್ಡದು". ನೀವೇ ಯಂತ್ರ ಆಗಿ ಒಂದೊಂದು ಸಾಲು ಓಡಿಸಿ. ಶುರುವಿನಲ್ಲಿ ದೊಡ್ಡದು 41. 43 ಬಂತು, ಜಾಸ್ತಿ, ದೊಡ್ಡದು 43. 40 ಬಂತು, ಇಲ್ಲ, 43 ಹಾಗೇ. 44 ಬಂತು, ದೊಡ್ಡದು 44. 42 ಬಂತು, ಇಲ್ಲ. ಮುಗಿಯಿತು, 44. ಇದಕ್ಕೆ ಡ್ರೈ ರನ್ ಅನ್ನುತ್ತಾರೆ. ಕಂಪ್ಯೂಟರ್ ಇಲ್ಲದೆ ಪ್ರೋಗ್ರಾಂ ಓಡಿಸುವುದು ಅಂದರೆ ಇದೇ. ನನ್ನ ಅನುಭವದಲ್ಲಿ, ಇದನ್ನು ಒಂದು ತಿಂಗಳು ಮಾಡಿದ ಮಗು ಲ್ಯಾಬಿಗೆ ಹೋದ ಮೇಲೆ ಬೇರೆಯವರಷ್ಟು ಒದ್ದಾಡುವುದಿಲ್ಲ.

ಈಗ ಇದನ್ನೇ ತಿರುಗಿಸಿ, ಎಲ್ಲಕ್ಕಿಂತ ಕಡಿಮೆ ಯಾವುದು ಎಂದು ಹುಡುಕಿ. ಬಹಳ ಮಕ್ಕಳು "ಚಿಕ್ಕದು ← 0" ಎಂದು ಶುರು ಮಾಡುತ್ತಾರೆ. ಓಡಿಸಿ ನೋಡಿ. 41 ಸೊನ್ನೆಗಿಂತ ಕಡಿಮೆಯಾ? ಇಲ್ಲ. 43? ಇಲ್ಲ. ಕೊನೆಗೆ ಉತ್ತರ 0. ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಸೊನ್ನೆ ಡಿಗ್ರಿ! ಡಬ್ಬಿಗೆ ಮೊದಲ ಬೆಲೆ ಏನು ಹಾಕುತ್ತೀರಿ ಎಂಬುದು ಅಷ್ಟು ಮುಖ್ಯ. ಪಟ್ಟಿಯ ಮೊದಲನೆಯದನ್ನೇ ಹಾಕುವುದು ಯಾವಾಗಲೂ ಕ್ಷೇಮ.

ಇನ್ನೊಂದು ಗುಂಡಿ ಇದೆ, ಪ್ರೋಗ್ರಾಂ ಬರೆಯುವ ದೊಡ್ಡವರೂ ಇದರಲ್ಲಿ ಬೀಳುತ್ತಾರೆ. ಹೊಲದ ಒಂದು ಬದಿಗೆ 100 ಅಡಿ ಬೇಲಿ, 10 ಅಡಿಗೆ ಒಂದು ಕಂಬ. ಕಂಬ ಎಷ್ಟು ಬೇಕು? ಹತ್ತು ಅಂದರೆ ಕೊನೆಯ ತಂತಿಗೆ ಕಂಬ ಇರುವುದಿಲ್ಲ. ಹನ್ನೊಂದು ಬೇಕು. ಲೂಪ್ ಒಂದು ಸಲ ಜಾಸ್ತಿಯೋ ಕಡಿಮೆಯೋ ತಿರುಗುವ ತಪ್ಪು ಹೀಗೇ ಆಗುವುದು. ಅನುಮಾನ ಬಂದರೆ 100 ಅಡಿ ಬಿಡಿ, 20 ಅಡಿಯ ಬೇಲಿ ಬರೆದು ಕಂಬ ಎಣಿಸಿ. ಚಿಕ್ಕ ಲೆಕ್ಕದಲ್ಲಿ ತಪ್ಪು ಬೇಗ ಕಾಣುತ್ತದೆ.

6. ಹುಡುಕುವುದು

16 ಚೀಟಿ ತೆಗೆಯಿರಿ, ಒಂದನ್ನು ಪಕ್ಕಕ್ಕಿಡಿ. ಉಳಿದ 15ರ ಮೇಲೆ ಏರಿಕೆ ಕ್ರಮದಲ್ಲಿ ಬರೆದು, ಹಾಗೇ ಸಾಲಾಗಿ ಬೋರಲು ಹಾಕಿ: 3, 7, 12, 18, 21, 25, 30, 34, 39, 41, 46, 52, 58, 63, 70. ಪಟ್ಟಿ ನೋಡದ ಜೊತೆಗಾರರಿಗೆ "46 ಹುಡುಕು" ಅನ್ನಿ.

ಎಡದಿಂದ ಒಂದೊಂದೇ ತೆರೆಯುತ್ತಾ ಹೋದರೆ 11 ಚೀಟಿ ತೆರೆಯಬೇಕು. ಅದರ ಬದಲು ನಡುವಿನದ್ದು, 8ನೆಯದು ತೆರೆಯಲಿ. 34. ನಮಗೆ ಬೇಕಾದದ್ದು ಅದಕ್ಕಿಂತ ದೊಡ್ಡದು, ಎಡಗಡೆಯದ್ದೆಲ್ಲ ಬಿಟ್ಟೇ ಬಿಡಿ. ಉಳಿದ ಏಳರ ನಡು 52. ಬೇಕಾದದ್ದು ಚಿಕ್ಕದು. ಉಳಿದ ಮೂರರ ನಡು 41. ಬೇಕಾದದ್ದು ದೊಡ್ಡದು. ಉಳಿದದ್ದು ಒಂದೇ, 46. ನಾಲ್ಕು ಸಲದಲ್ಲಿ ಸಿಕ್ಕಿತು. ಇದು ಬೈನರಿ ಸರ್ಚ್. ಪ್ರತಿ ಸಲ ಅರ್ಧ ಕಳಚುತ್ತದೆ.

ಇದರ ಬಲ ಪಟ್ಟಿ ದೊಡ್ಡದಾದಾಗ ಗೊತ್ತಾಗುತ್ತದೆ. 1000 ಹೆಸರಿದ್ದರೆ ಜಾಸ್ತಿ ಅಂದರೆ 10 ಸಲ. 2000 ಇದ್ದರೆ 11. ಹತ್ತು ಲಕ್ಷ ಇದ್ದರೂ 20. ಪಟ್ಟಿ ದುಪ್ಪಟ್ಟಾದರೆ ಒಂದೇ ಹೆಜ್ಜೆ ಜಾಸ್ತಿ. ಕಂಪ್ಯೂಟರ್ ಎಷ್ಟು ಫಾಸ್ಟ್ ಎಂದು ಎಲ್ಲರೂ ಕೇಳುತ್ತಾರೆ, ಆದರೆ ವಿಧಾನ ಸರಿಯಿದ್ದರೆ ನಿಧಾನದ ಯಂತ್ರವೂ ಗೆಲ್ಲುತ್ತದೆ.

ಎಚ್ಚರ: ಚೀಟಿ ಕ್ರಮದಲ್ಲಿ ಇಲ್ಲದಿದ್ದರೆ ಈ ವಿಧಾನ ನಡೆಯುವುದಿಲ್ಲ. ಒಮ್ಮೆ ಕಲಸಿ ಇಟ್ಟು ನೋಡಿ, ಇರುವ ಸಂಖ್ಯೆಯನ್ನೇ ಇಲ್ಲ ಅನ್ನಬಹುದು. ಮತ್ತೆ, ತೆರೆದ ಚೀಟಿಯನ್ನೂ ಪಟ್ಟಿಯಿಂದ ತೆಗೆಯಿರಿ. ಅದನ್ನು ಉಳಿಸಿಕೊಂಡರೆ ಕೊನೆಗೆ ಎರಡೇ ಚೀಟಿ ಇದ್ದಾಗ ಅದನ್ನೇ ಮತ್ತೆ ಮತ್ತೆ ತೆರೆಯುತ್ತಾ ಕೂರಬೇಕಾಗುತ್ತದೆ, ಮುಗಿಯುವುದೇ ಇಲ್ಲ.

7. ಜೋಡಿಸುವುದು

ಹುಡುಕಲು ಕ್ರಮ ಬೇಕು ಅಂದರೆ ಮೊದಲು ಜೋಡಿಸಬೇಕು. ಇದಕ್ಕೆ ಸಾರ್ಟಿಂಗ್ ಅನ್ನುತ್ತಾರೆ. ಈಗ 16 ಚೀಟಿಯೂ ಬೇಕು. ಪಕ್ಕಕ್ಕಿಟ್ಟ ಚೀಟಿಯ ಮೇಲೂ ಒಂದು ಸಂಖ್ಯೆ ಬರೆದು ಎಲ್ಲ ಕಲಸಿ.

ಮೊದಲ ವಿಧಾನ: ಇರುವುದರಲ್ಲಿ ಚಿಕ್ಕದನ್ನು ಹುಡುಕಿ ಮುಂದೆ ಇಡಿ, ಉಳಿದದ್ದರಲ್ಲಿ ಚಿಕ್ಕದನ್ನು ಹುಡುಕಿ ಅದರ ಪಕ್ಕ ಇಡಿ. ಐದನೇ ಹೆಜ್ಜೆಯ ಲೆಕ್ಕವೇ ಮತ್ತೆ ಮತ್ತೆ. ಎಷ್ಟು ಹೋಲಿಕೆ? 15 + 14 + 13... ಹೀಗೆ 1ರವರೆಗೆ, ಒಟ್ಟು 120. ಸಮಾಂತರ ಶ್ರೇಢಿ, ಹತ್ತನೇ ಕ್ಲಾಸಿನ ಗಣಿತ. 40 ಮಕ್ಕಳ ಕ್ಲಾಸಾದರೆ 780, 80 ಆದರೆ 3160. ಮಕ್ಕಳು ಎರಡು ಪಟ್ಟು, ಕೆಲಸ ಸುಮಾರು ನಾಲ್ಕು ಪಟ್ಟು.

ಎರಡನೇ ವಿಧಾನ: ಎರಡೆರಡು ಚೀಟಿಯ ಜೋಡಿ ಮಾಡಿ ಒಳಗೊಳಗೇ ಕ್ರಮಕ್ಕಿಡಿ. ಆಮೇಲೆ ಎರಡು ಜೋಡಿ ಸೇರಿಸಿ ನಾಲ್ಕರ ಸಾಲು ಮಾಡಿ, ಎರಡು ನಾಲ್ಕರಿಂದ ಎಂಟು, ಎರಡು ಎಂಟರಿಂದ ಹದಿನಾರು. ಸೇರಿಸುವಾಗ ಎರಡೂ ಸಾಲಿನ ಮುಂದಿನ ಚೀಟಿ ಮಾತ್ರ ಹೋಲಿಸಿ, ಚಿಕ್ಕದನ್ನು ತೆಗೆದಿಡಿ. ಎಣಿಸಿ ನೋಡಿ, 49ಕ್ಕಿಂತ ಜಾಸ್ತಿ ಹೋಲಿಕೆ ಆಗುವುದೇ ಇಲ್ಲ. ಇದು ಮರ್ಜ್ ಸಾರ್ಟ್. ದೊಡ್ಡ ಕೆಲಸವನ್ನು ತುಂಡು ಮಾಡಿ, ತುಂಡುಗಳನ್ನು ಮುಗಿಸಿ, ಮತ್ತೆ ಕೂಡಿಸುವ ಉಪಾಯ ಮುಂದೆ ಓದುತ್ತಾ ಹೋದಂತೆ ಎಲ್ಲೆಲ್ಲೂ ಸಿಗುತ್ತದೆ.

8. ಈಗ ಯಂತ್ರದ ಮುಂದೆ

ಲ್ಯಾಬಿನ ಕೀಲಿ ಸಿಕ್ಕಿತು ಅಂದುಕೊಳ್ಳಿ, ಅಥವಾ ಮನೆಯವರ ಮೊಬೈಲ್ ಒಂದು ಗಂಟೆಗೆ ಸಿಕ್ಕಿತು. ಯಂತ್ರದ ಒಳಗಿನದ್ದು ಸಂಕ್ಷೇಪವಾಗಿ ಇಷ್ಟು: ಪ್ರೊಸೆಸರ್ ಅಂದರೆ ಇಷ್ಟು ದಿನ ನೀವು ಡ್ರೈ ರನ್‌ನಲ್ಲಿ ಮಾಡಿದ ಕೆಲಸ ಮಾಡುವ ಭಾಗ. ರ್‍ಯಾಮ್ ಅಂದರೆ ಎದುರಿಗೆ ಬಿಚ್ಚಿಟ್ಟ ಪುಟ, ಕರೆಂಟ್ ಹೋದರೆ ಅಳಿಸಿ ಹೋಗುತ್ತದೆ. ಹಾರ್ಡ್ ಡಿಸ್ಕ್ ಅಥವಾ ಮೆಮೊರಿ ಕಾರ್ಡ್ ಅಂದರೆ ಕಪಾಟಿನಲ್ಲಿಟ್ಟ ನೋಟ್‌ಬುಕ್, ಉಳಿಯುತ್ತದೆ. ನಮ್ಮ ಕಡೆ ಕರೆಂಟಿನ ವಿಷಯ ಗೊತ್ತೇ ಇದೆ, ಐದು ನಿಮಿಷಕ್ಕೊಮ್ಮೆ ಸೇವ್ ಮಾಡಿ.

ಪ್ರೋಗ್ರಾಂ ಬರೆಯುವ ಭಾಷೆ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡಿ, ಪೈಥಾನಿನಿಂದ ಶುರು ಮಾಡಿ. ಪುಕ್ಕಟೆ ಸಿಗುತ್ತದೆ, ಸಾಲುಗಳು ಚಿಕ್ಕವು. ಪೈಥಾನ್ 3ರಲ್ಲಿ ಡಬ್ಬಿಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, "ದೊಡ್ಡದು" ಎಂದೇ ಬರೆಯಬಹುದು. "ಇದ್ದರೆ", "ಪ್ರತಿಯೊಂದಕ್ಕೂ" ಎಂಬಂಥ ಆಜ್ಞೆಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು, ಅವು ಎಲ್ಲ ಸೇರಿ ನಲವತ್ತರ ಒಳಗೆ. ಮೊದಲ ದಿನ ಐದನೇ ಹೆಜ್ಜೆಯ ಬಿಸಿಲಿನ ಲೆಕ್ಕ ಟೈಪ್ ಮಾಡಿ. ಎರಡನೇ ದಿನ "ಕೊಪ್ಪಳ" ಪದದ ಉದ್ದ ಎಷ್ಟು ಎಂದು ಪೈಥಾನನ್ನೇ ಕೇಳಿ. 6 ಅನ್ನುತ್ತದೆ. ಏಕೆ ಎಂದು ನಿಮಗೀಗ ಗೊತ್ತು.

ಕೆಂಪಕ್ಷರದಲ್ಲಿ ಎರರ್ ಬಂದರೆ ಗಾಬರಿಯಾಗಿ ಎಲ್ಲ ಅಳಿಸಬೇಡಿ, ಎಲ್ಲರೂ ಮೊದಲು ಮಾಡುವುದು ಅದನ್ನೇ. ಕೊನೆಯ ಸಾಲನ್ನು ಮೊದಲು ಓದಿ, ಏನು ತಪ್ಪು ಎಂದು ಅಲ್ಲಿ ಬರೆದಿರುತ್ತದೆ. ಆಮೇಲೆ ಸಾಲಿನ ನಂಬರ್ ನೋಡಿ ಆ ಸಾಲಿಗೆ ಹೋಗಿ. ಅಲ್ಲಿ ಏನೂ ಕಾಣದಿದ್ದರೆ ಅದರ ಮೇಲಿನ ಸಾಲು ನೋಡಿ, ಬಹಳ ಸಲ ಅಲ್ಲಿ ಒಂದು ಕಂಸ ಮುಚ್ಚಿರುವುದಿಲ್ಲ. ಎರರ್ ಬಾರದೆ ಉತ್ತರ ಮಾತ್ರ ತಪ್ಪು ಬಂದರೆ ಕಂಪ್ಯೂಟರ್ ಬಿಟ್ಟು ನೋಟ್‌ಬುಕ್ ತೆಗೆಯಿರಿ, ಎರಡು ಕಾಲಂ ಹಾಕಿ, ಮೂರೇ ಸಂಖ್ಯೆ ಇಟ್ಟುಕೊಂಡು ಒಂದೊಂದು ಸಾಲಾಗಿ ಕೈಯಲ್ಲಿ ಓಡಿಸಿ. ಎಲ್ಲಿ ನಿಮ್ಮ ಡಬ್ಬಿಯ ಬೆಲೆಯೂ ಕಂಪ್ಯೂಟರಿನ ಡಬ್ಬಿಯ ಬೆಲೆಯೂ ಬೇರೆ ಆಗುತ್ತದೋ, ತಪ್ಪು ಆ ಸಾಲಿನಲ್ಲಿದೆ.